ಹೆಂಡತಿ-ಮಕ್ಕಳನ್ನು ದುಬೈಗೆ ಕರೆಸುವವರು ಊರಲ್ಲೇ ಮುಗಿಸಬೇಕಾದ ಕೆಲಸ

ರಜೆಗೆ ಕುಮಟಾ, ಹೊನ್ನಾವರ, ಭಟ್ಕಳದ ಕಡೆ ಬರುವ ತಮ್ಮಂದಿರೇ, ಫ್ಯಾಮಿಲಿ ವೀಸಾ ಮಾಡಿಸುವ ಯೋಚನೆ ಇದ್ದರೆ ಕಾಗದಪತ್ರ ಊರಲ್ಲಿರುವಾಗಲೇ ಸರಿಮಾಡಿಕೊಳ್ಳಿ. ಯುಎಇಯಲ್ಲಿ ಸಂಬಳ 4000 ದಿರ್ಹಮ್, ಇಲ್ಲವೇ 3000 ಜೊತೆಗೆ ಕಂಪನಿಯ ಮನೆ ಇದ್ದರೆ ಹೆಂಡತಿ-ಮಕ್ಕಳಿಗೆ ಸ್ಪಾನ್ಸರ್ ಆಗಬಹುದು. ಅದು ಸುಲಭದ ಭಾಗ. ಕೆಲಸ ಕೆಡುವುದು ಹೆಸರಿನಲ್ಲಿ.

ದೇವಸ್ಥಾನದ ರಶೀದಿ ನಡೆಯುವುದಿಲ್ಲ. ಉಪನೋಂದಣಾಧಿಕಾರಿ ಕಚೇರಿಯ ಮದುವೆ ಪ್ರಮಾಣಪತ್ರವೇ ಬೇಕು. ಅದು ಕೈಗೆ ಬಂದ ಕೂಡಲೇ, ಕೌಂಟರ್ ಬಿಡುವ ಮೊದಲೇ, ಇಬ್ಬರ ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟು ಒಂದೊಂದೇ ಅಕ್ಷರ ನೋಡಿ. ನಮ್ಮ ಕಡೆ 'ಹೆಗಡೆ'ಯನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬರು ನಡುವೆ 'ಎ' ಹಾಕುತ್ತಾರೆ, ಒಬ್ಬರು ಬಿಡುತ್ತಾರೆ. 'ಭಟ್'ಗೆ ಒಂದು 'ಟಿ'ಯೋ ಎರಡೋ ಎಂಬುದೂ ಹಾಗೆಯೇ. ಇನಿಶಿಯಲ್ ಒಂದು ಕಡೆ ಬಿಡಿಸಿ, ಇನ್ನೊಂದು ಕಡೆ ಮೊಟಕಾಗಿ ಇದ್ದರೂ ತಕರಾರು ಬರುತ್ತದೆ.

ಮಗುವಿನ ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಖಾಲಿ ಇದೆಯೇ ನೋಡಿ. ಹುಟ್ಟಿದ ಕೂಡಲೇ ನೋಂದಣಿ ಮಾಡಿಸಿದವರದ್ದು ಎಷ್ಟೋ ಸಲ ಹಾಗೇ ಉಳಿದಿರುತ್ತದೆ. ಹೆಸರು ಸೇರಿಸಲು ನೋಂದಣಿಯಾದ 15 ವರ್ಷದವರೆಗೆ ಅವಕಾಶವಿದೆ.

ಆಮೇಲೆ ದೃಢೀಕರಣ: ಮೊದಲು ರಾಜ್ಯ, ನಂತರ ವಿದೇಶಾಂಗ ಸಚಿವಾಲಯ, ಆಮೇಲೆ ಯುಎಇ ರಾಯಭಾರ ಕಚೇರಿ, ಕೊನೆಗೆ ಅಲ್ಲಿಯ ವಿದೇಶಾಂಗ ಇಲಾಖೆ. ಅಪೋಸ್ಟಿಲ್, ಅಂದರೆ ಒಪ್ಪಂದ ಮಾಡಿಕೊಂಡ ದೇಶಗಳು ಪರಸ್ಪರ ಒಪ್ಪುವ ದೃಢೀಕರಣ ಮುದ್ರೆ, ಒಂದೇ ಸಾಲದು; ಯುಎಇ ಆ ಒಪ್ಪಂದದಲ್ಲಿಲ್ಲ. ಒಮಾನ್, ಬಹ್ರೇನ್, ಸೌದಿ ಅದರಲ್ಲಿವೆ. ಏಜೆಂಟರಿಗೆ ಮೂಲ ಪ್ರತಿ ಕೊಡುವಾಗ ಸ್ಕ್ಯಾನ್ ಇಟ್ಟುಕೊಂಡು, ರಶೀದಿ ಬರೆಸಿಕೊಂಡೇ ಕೊಡಿ.