ಪ್ರಯೋಗಾಲಯದಿಂದ ಮಂತ್ರಿಮಂಡಲಕ್ಕೆ: ಕಾಗದಪತ್ರದ ಹಾದಿ

ಮಂಗಳೂರಿನಲ್ಲಿ ಹುಟ್ಟಿದ ಭೌತವಿಜ್ಞಾನಿ ಎಂ.ಜಿ.ಕೆ. ಮೆನನ್ 1989ರಲ್ಲಿ ವಿ.ಪಿ. ಸಿಂಗ್ ಸರ್ಕಾರದ ರಾಜ್ಯಸಚಿವರಾದಾಗ ಸಂಸದರಾಗಿರಲಿಲ್ಲ. 1990ರಲ್ಲಿ ರಾಜಸ್ಥಾನದಿಂದ ರಾಜ್ಯಸಭೆಗೆ ಆಯ್ಕೆಯಾದರು. ಅದಕ್ಕೆ ಮೊದಲೇ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ನಿರ್ದೇಶಕ, ಇಸ್ರೋ ಅಧ್ಯಕ್ಷ, ಪ್ರಧಾನಿಯ ವೈಜ್ಞಾನಿಕ ಸಲಹೆಗಾರ ಎಲ್ಲ ಆಗಿದ್ದವರು. ಹಾಗೆ ದೆಹಲಿಯಿಂದ ಕರೆ ಬರುವುದು ಅಪರೂಪ. ರಾಜಕೀಯಕ್ಕೆ ಇಳಿಯುವ ಉಳಿದ ವಿಜ್ಞಾನಿಗಳು, ಪ್ರಾಧ್ಯಾಪಕರು ನಾಮಪತ್ರ ಹಿಡಿದೇ ಹೋಗಬೇಕು.

ಮೊದಲ ಕೆಲಸ ರಾಜೀನಾಮೆ. ಎಡವುವವರು ಹೆಚ್ಚಾಗಿ ಎಡವುವುದೂ ಇಲ್ಲೇ. ಕೇಂದ್ರ ಸರ್ಕಾರಿ ನೌಕರರು ಪಕ್ಷಕ್ಕೆ ಸೇರುವಂತಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ. ಕೇಂದ್ರ ಸೇವೆಯಲ್ಲಿ 20 ವರ್ಷ ಮುಗಿಸಿದವರ ಸ್ವಯಂ ನಿವೃತ್ತಿಗೆ ಮೂರು ತಿಂಗಳ ನೋಟಿಸು ಬೇಕು. ಅಧಿಸೂಚನೆ ಹೊರಟ ಮೇಲೆ ನಾಮಪತ್ರಕ್ಕೆ ಸಿಗುವುದು ಸುಮಾರು ಒಂದು ವಾರ. ಪತ್ರ ಕೊಟ್ಟರೆ ಸಾಲದು, ಅಂಗೀಕಾರದ ಆದೇಶ ನಾಮಪತ್ರ ಪರಿಶೀಲನೆಯ ದಿನದೊಳಗೆ ಕೈಯಲ್ಲಿರಬೇಕು. ಇಲ್ಲದಿದ್ದರೆ ಲಾಭದಾಯಕ ಹುದ್ದೆಯ, ಅಂದರೆ ಸರ್ಕಾರದ ಸಂಬಳದ ಹುದ್ದೆಯಲ್ಲಿ ಇನ್ನೂ ಇದ್ದೀರೆಂಬ, ಆಕ್ಷೇಪಕ್ಕೆ ಉತ್ತರವಿರುವುದಿಲ್ಲ. ವಿಶ್ವವಿದ್ಯಾನಿಲಯದವರು ತಮ್ಮ ಸಂಸ್ಥೆಯ ಸೇವಾ ನಿಯಮವನ್ನೇ ಓದಿ. ಸಹೋದ್ಯೋಗಿಯ ಬಾಯಿಮಾತು ನಂಬಬೇಡಿ.

ವಿಧಾನಸಭೆಗಾದರೆ ವಯಸ್ಸು 25, ಠೇವಣಿ 10,000 ರೂಪಾಯಿ, ಪರಿಶಿಷ್ಟರಿಗೆ ಅರ್ಧ. ಪಕ್ಷೇತರರಿಗೆ ಹೆಸರು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕಲು ಆ ಕ್ಷೇತ್ರದ ಮತದಾರರೇ ಆದ 10 ಸೂಚಕರು ಬೇಕು. ಮಂಗಳೂರಿನಲ್ಲಿ ಮತದಾರರಾಗಿದ್ದು ಕಾಪುವಿನಲ್ಲಿ ನಿಲ್ಲುವುದಾದರೆ ಮತದಾರರ ಪಟ್ಟಿಯ ದೃಢೀಕೃತ ನಕಲು ಲಗತ್ತಿಸಿ. ಚುನಾವಣಾ ಖರ್ಚಿಗೆ ಪ್ರತ್ಯೇಕ ಬ್ಯಾಂಕ್ ಖಾತೆಯನ್ನು ನಾಮಪತ್ರದ ಹಿಂದಿನ ದಿನದೊಳಗೆ ತೆರೆಯಿರಿ.

ಆಸ್ತಿ, ಸಾಲ, ಮೊಕದ್ದಮೆಗಳ ವಿವರ ಕೊಡುವ ನಮೂನೆ 26ರ ಪ್ರಮಾಣಪತ್ರವನ್ನು ಒಬ್ಬರೇ ಕೂತು ತುಂಬಬೇಡಿ, ವಕೀಲರೊಬ್ಬರು ಜತೆಗಿರಲಿ. ಒಂದು ಅಂಕಣವೂ ಖಾಲಿ ಬೇಡ; ಹೇಳಲಿಕ್ಕೆ ಏನೂ ಇಲ್ಲದ ಕಡೆ ‘ಇಲ್ಲ’ ಅಥವಾ ‘ಅನ್ವಯಿಸುವುದಿಲ್ಲ’ ಎಂದು ಬರೆಯಿರಿ. ಕಳೆದ 10 ವರ್ಷಗಳಲ್ಲಿ ಸರ್ಕಾರಿ ವಸತಿಗೃಹದಲ್ಲಿದ್ದವರು ಬಾಡಿಗೆ, ಕರೆಂಟು, ನೀರು, ಫೋನಿನ ಬಾಕಿಯಿಲ್ಲವೆಂಬ ಪತ್ರಗಳನ್ನು ಮೊದಲೇ ಮಾಡಿಸಿಕೊಳ್ಳಿ. ಕೋಟಿಗಟ್ಟಲೆ ಅನುದಾನದ ಲೆಕ್ಕ ಒಪ್ಪಿಸಿದವರಿಗೂ ಹಳೇ ಕ್ವಾರ್ಟರ್ಸಿನ ನೀರಿನ ಬಿಲ್ಲು ತಲೆನೋವಾಗುತ್ತದೆ!

ಓದಿದವರಿಗೆ ಒಗ್ಗುವ ದಾರಿ ವಿಧಾನ ಪರಿಷತ್ತು, ವಯಸ್ಸು 30 ಆಗಿರಬೇಕು. ದಕ್ಷಿಣ ಕನ್ನಡ, ಉಡುಪಿ ಎರಡೂ ಪದವೀಧರರಷ್ಟೇ ಮತ ಹಾಕುವ ನೈಋತ್ಯ ಪದವೀಧರ ಕ್ಷೇತ್ರಕ್ಕೆ ಸೇರುತ್ತವೆ. ಇಲ್ಲಿ ಮತದಾರರ ಪಟ್ಟಿ ಪ್ರತಿ ಚುನಾವಣೆಗೂ ಹೊಸದು. ಹಳೇ ಪಟ್ಟಿಯಲ್ಲಿದ್ದವರೂ ಹೆಸರು ಸೇರಿಸಲು ಮತ್ತೆ ನಮೂನೆ 18ರ ಅರ್ಜಿ ಕೊಡಬೇಕು. ನಿಮ್ಮ ಹಳೇ ವಿದ್ಯಾರ್ಥಿಗಳು ವಿಧಾನಸಭಾ ಪಟ್ಟಿಯಲ್ಲಿ ಹೆಸರುಂಟಲ್ಲ ಎಂದು ಸುಮ್ಮನಿದ್ದರೆ ನಿಮ್ಮ ಮತವೂ ಮನೆಯಲ್ಲೇ ಉಳಿಯಿತು. ಪದವಿ ಮುಗಿದು ಮೂರು ವರ್ಷ ಆಗಿರಬೇಕೆಂಬುದನ್ನೂ ಅವರಿಗೆ ನೆನಪಿಸಿ.

ಪರಿಷತ್ತಿನ 75 ಸ್ಥಾನಗಳಲ್ಲಿ 11 ನಾಮನಿರ್ದೇಶನದವು, ವಿಜ್ಞಾನವೂ ಅದರ ಅರ್ಹ ಕ್ಷೇತ್ರಗಳಲ್ಲೊಂದು. ಹಾಗೆ ಬಂದವರು ಪಕ್ಷ ಸೇರುವುದಿದ್ದರೆ ಸದನದಲ್ಲಿ ಕೂತ ಆರು ತಿಂಗಳೊಳಗೆ ಸೇರಬೇಕು, ತಡವಾದರೆ ಸದಸ್ಯತ್ವವೇ ಹೋಗುತ್ತದೆ.

ಸದಸ್ಯರಾಗದೆಯೂ ಮಂತ್ರಿಯಾಗಬಹುದು, ಆದರೆ ಆರು ತಿಂಗಳೊಳಗೆ ಯಾವುದಾದರೂ ಸದನಕ್ಕೆ ಬರಲೇಬೇಕು. ರಾಜೀನಾಮೆ ಕೊಟ್ಟು ಮತ್ತೆ ಪ್ರಮಾಣವಚನ ತೆಗೆದುಕೊಂಡು ಇನ್ನಾರು ತಿಂಗಳು ದೂಡುವ ಉಪಾಯವನ್ನು ಸುಪ್ರೀಂ ಕೋರ್ಟ್ 2001ರಲ್ಲೇ ಮುಚ್ಚಿದೆ. ಹಾಗಾಗಿ ಖಾತೆ ಯಾವುದೆಂದು ಕೇಳುವ ಮೊದಲು ಖಾಲಿ ಸ್ಥಾನ ಎಲ್ಲಿದೆ, ಚುನಾವಣೆ ಯಾವಾಗ ಎಂದು ಕೇಳಿ.