ಮಡಕೆ ಚೂರಿಗೂ ಒಂದು ವಿಳಾಸ ಬೇಕು: ಪುರಾತತ್ವ ವಸ್ತುಗಳನ್ನು ದಾಖಲಿಸುವುದು ಹೀಗೆ

ಕಲಬುರಗಿ, ಯಾದಗಿರಿ ಕಡೆಯ ಹೊಲಗಳಲ್ಲಿ ನೇಗಿಲು ಹೊಡೆದಾಗ ಹಳೆ ಮಡಕೆ ಚೂರು ಮೇಲೆ ಬರುವುದು ಹೊಸದೇನಲ್ಲ. ಊರ ಹೊರಗಿನ ಹಾಳುಮಣ್ಣಿನ ದಿಬ್ಬದಲ್ಲಂತೂ ಕಾಲಿಟ್ಟಲ್ಲೆಲ್ಲ ಸಿಗುತ್ತವೆ. ಪುರಾತತ್ವ ಓದಲು ಬಂದ ಹುಡುಗ ಹುಡುಗಿಯರು ಮೊದಲ ಸಲ ಇಂಥ ಜಾಗಕ್ಕೆ ಹೋದಾಗ ಚೆಂದ ಕಂಡ ಚೂರನ್ನು ತಟ್ಟನೆ ಎತ್ತಿ ಕೈಯಲ್ಲಿ ಹಿಡಿದುಕೊಳ್ಳುತ್ತಾರೆ. ಅಲ್ಲಿಗೆ ಅದರ ಅರ್ಧ ಕಥೆ ಹೋಯಿತು. ಅದು ಎಲ್ಲಿತ್ತು, ಪಕ್ಕದಲ್ಲಿ ಏನಿತ್ತು ಅನ್ನೋದನ್ನು ಆಮೇಲೆ ಯಾವ ಪ್ರಯೋಗಾಲಯವೂ ಹೇಳಲಾರದು.

ಕಲಬುರಗಿ ಜಿಲ್ಲೆಯ ಸನ್ನತಿಯನ್ನೇ ನೋಡಿ. 1986ರಲ್ಲಿ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿದ್ದ ಕಾಳಿ ಗುಡಿಯ ಚಾವಣಿ ಕುಸಿಯಿತು. ಮೂರ್ತಿಗೆ ಪೀಠವಾಗಿದ್ದ ಕಲ್ಲಿನ ಎರಡೂ ಬದಿಯಲ್ಲಿ ಅಶೋಕನ ಶಾಸನ ಇತ್ತು! ಮೂರ್ತಿ ಕೂರಿಸಲು ನಡುವೆ ತೂತು ಕೊರೆದಿದ್ದರಿಂದ ಒಂದಷ್ಟು ಅಕ್ಷರ ಹೋಗಿದ್ದವು. ಉಳಿದದ್ದನ್ನು ಓದಬಹುದು. ಆದರೆ ಆ ಕಲ್ಲು ಮೊದಲು ಎಲ್ಲಿತ್ತು, ಯಾರ ಕಣ್ಣಿಗೆ ಬೀಳಲೆಂದು ಇಟ್ಟಿದ್ದರು ಅನ್ನುವುದನ್ನು ಪೀಠದ ಜಾಗ ಹೇಳುವುದಿಲ್ಲ. ಅಷ್ಟು ದೊಡ್ಡ ಶಾಸನದ ಪಾಡೇ ಹೀಗಾದರೆ, ಬೆರಳುದ್ದದ ಮಡಕೆ ಚೂರಿನ ಪಾಡೇನು?

ಅದಕ್ಕೇ ತರಬೇತಿ ಶುರುವಾಗಬೇಕಾದದ್ದು ಹೊಲದಲ್ಲಿ, ಕೈ ಹಿಂದೆ ಕಟ್ಟಿಕೊಂಡು.

ಎತ್ತುವ ಮುಂಚೆ

ವಸ್ತು ಇದ್ದಲ್ಲೇ ಇರಲಿ. ಪಕ್ಕದಲ್ಲಿ ಅಳತೆಪಟ್ಟಿ, ಉತ್ತರ ದಿಕ್ಕು ತೋರಿಸುವ ಬಾಣ ಇಟ್ಟು ಫೋಟೊ ತೆಗೆಯಿರಿ. ಹತ್ತಿರದಿಂದ ಒಂದು, ಸುತ್ತಲಿನ ಜಾಗ ಕಾಣುವಂತೆ ಇನ್ನೊಂದು. ಜಿಪಿಎಸ್ ಅಂಕಿ ಬರೆದುಕೊಳ್ಳಿ. ಆಮೇಲೆ ಚೀಟಿ: ಊರು, ವರ್ಷ, ಗುಂಡಿ ಅಥವಾ ಚೌಕದ ಸಂಖ್ಯೆ, ಪದರ, ಆಳ, ತಾರೀಖು, ಬರೆದವರ ಹೆಸರು. ಚೀಟಿ ಎರಡು ಇರಬೇಕು, ಒಂದು ಚೀಲದ ಒಳಗೆ, ಒಂದು ಹೊರಗೆ. ಪೆನ್ಸಿಲ್‌ನಲ್ಲೇ ಬರೆಯಿರಿ. ಒದ್ದೆ ಮಣ್ಣು ತಾಗಿದರೆ ಪೆನ್ನಿನ ಶಾಯಿ ಹರಡಿಬಿಡುತ್ತದೆ.

ಉತ್ಖನನದ ಗುಂಡಿಯಾದರೆ ಗೋಡೆಯ ಪದರಗಳ ಚಿತ್ರವೂ ಬೇಕು. ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ 19ನೇ ಶತಮಾನದಲ್ಲೇ ಜೇವರ್ಗಿಯ ಬೃಹತ್ ಶಿಲಾಗೋರಿಗಳನ್ನು (ದೊಡ್ಡ ಕಲ್ಲುಗಳನ್ನಿಟ್ಟು ಕಟ್ಟಿದ ಪ್ರಾಚೀನ ಗೋರಿಗಳು) ಅಗೆದು ಇದನ್ನು ಮಾಡಿದ್ದರು. ಗೋರಿಯನ್ನು ಮೇಲಿಂದ ಕೆಳಗೆ ಸೀಳಿದಂತೆ ಚಿತ್ರ ಬರೆದು, ಎಲುಬು, ಗಡಿಗೆಗಳು ಎಲ್ಲಿದ್ದವು ಎಂದು ತೋರಿಸಿದರು. ಮುಂದೆ ಭಾರತದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಮಾರ್ಟಿಮರ್ ವೀಲರ್ ಅಂಥವರೇ ಅದನ್ನು ಮೆಚ್ಚಿಕೊಂಡರು. ಈ ಪಾಠಕ್ಕೆ ನಮ್ಮ ವಿದ್ಯಾರ್ಥಿಗಳು ದೂರ ಹೋಗಬೇಕಿಲ್ಲ.

ಒಂದು ಮಾತು ಮರೆಯಬೇಡಿ. ಅನುಮತಿ ಇಲ್ಲದೆ ಪುರಾತತ್ವಕ್ಕಾಗಿ ನೆಲ ಅಗೆಯುವಂತಿಲ್ಲ. ನೆಲದಲ್ಲಿ ನಾಣ್ಯ, ಒಡವೆಯಂಥ ನಿಧಿ ಸಿಕ್ಕರೆ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು.

ತೊಳೆಯುವುದು, ನಂಬರು ಹಾಕುವುದು

ಒಂದು ಸಲಕ್ಕೆ ಒಂದೇ ಚೀಲ ಬಿಚ್ಚಿ. ಎರಡು ಚೀಲದ ಚೂರು ಬೆರೆತರೆ ಬೇರೆ ಮಾಡುವ ದಾರಿಯೇ ಇಲ್ಲ. ಮೆತ್ತನೆ ಬ್ರಷ್‌ನಿಂದ, ಸಾದಾ ನೀರಿನಲ್ಲಿ ತೊಳೆಯಿರಿ. ಒಡೆದ ಅಂಚನ್ನೂ ತೊಳೆಯಬೇಕು, ಮಣ್ಣಿನ ಗುಣ ಕಾಣುವುದು ಅಲ್ಲೇ. ಒಣಗಿಸುವುದು ನೆರಳಿನಲ್ಲಿ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಇಟ್ಟರೆ ಸರಿಯಾಗಿ ಬೇಯದ ಮಡಕೆ ಬಿರುಕು ಬಿಡುತ್ತದೆ.

ಎಲ್ಲವನ್ನೂ ತೊಳೆಯಬೇಡಿ. ಕಬ್ಬಿಣ, ನಾಣ್ಯ, ಮೆತ್ತಗಾದ ಎಲುಬು, ಬಣ್ಣ ಉದುರುವ ಚೂರು, ಒಳಗೆ ಅಡುಗೆಯ ಕರಕು ಅಂಟಿರುವ ಚೂರು ಇವಕ್ಕೆ ನೀರು ತಾಗಿಸಬಾರದು. ಕಾಲ ತಿಳಿಯಲು ಕಳಿಸುವ ಇದ್ದಿಲನ್ನು ಕೈಯಿಂದ ಮುಟ್ಟದೆ ಚಿಮುಟದಲ್ಲಿ ಎತ್ತಿ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಬೇಕು. ಬೂದಿ ಮಣ್ಣನ್ನೂ ಸುಮ್ನೆ ಚೆಲ್ಲಬೇಡಿ. ಸುರಪುರ ಸೀಮೆಯ ಬೂದಿಹಾಳದ ದಿಬ್ಬ ನವಶಿಲಾಯುಗದ ದನಗಾಹಿಗಳು ಸುಟ್ಟ ಸಗಣಿಯದ್ದು ಎಂದು ತಿಳಿಯುವುದು ಅಂಥ ಮಣ್ಣನ್ನು ಪರೀಕ್ಷಿಸಿದಾಗಲೇ.

ಒಣಗಿದ ಮೇಲೆ ಚೂರಿನ ಒಳಮೈಯಲ್ಲಿ, ಮೂಲೆಗೆ, ಆಮೇಲೆ ತೆಗೆಯಲು ಬರುವ ಬಗೆಯ ವಾರ್ನಿಷ್ ತೆಳುವಾಗಿ ಹಚ್ಚಿ. ಅದರ ಮೇಲೆ ಕಪ್ಪು ಶಾಯಿಯಲ್ಲಿ ಸಣ್ಣದಾಗಿ ಸಂಖ್ಯೆ ಬರೆದು, ಮತ್ತೊಂದು ಪದರ ವಾರ್ನಿಷ್ ಹಚ್ಚಿ. ಮುಂದೆ ಬೇಕಾದರೆ ಅಳಿಸಬಹುದು, ಮಡಕೆಗೆ ಏನೂ ಆಗುವುದಿಲ್ಲ.

ಬಾಯಂಚಿನ ಚಿತ್ರ

ಇದು ತರಬೇತಿಯ ಜೀವಾಳ. ಕ್ಯಾಮೆರಾ ಇದೆಯಲ್ಲ, ಚಿತ್ರ ಯಾಕೆ ಅಂತ ಜಾಸ್ತಿ ಜನ ಕೇಳುತ್ತಾರೆ. ಫೋಟೊದಲ್ಲಿ ಚೂರು ಮಾತ್ರ ಕಾಣುತ್ತದೆ. ಚಿತ್ರದಲ್ಲಿ ಇಡೀ ಮಡಕೆಯ ಆಕಾರ ಸಿಗುತ್ತದೆ.

ಬಾಯಂಚಿನ ಚೂರನ್ನು ಮಟ್ಟಸವಾದ ಮೇಜಿನ ಮೇಲೆ ಬೋರಲು ಇಡಿ. ಕಣ್ಣನ್ನು ಮೇಜಿನ ಮಟ್ಟಕ್ಕೆ ತಂದು ನೋಡಿ. ಅಂಚಿನ ಕೆಳಗೆ ಎಲ್ಲಾದರೂ ಬೆಳಕು ತೂರುತ್ತಿದೆಯೇ? ಚೂರನ್ನು ನಿಧಾನಕ್ಕೆ ಹಿಂದೆ ಮುಂದೆ ವಾಲಿಸಿ. ಅಂಚು ಉದ್ದಕ್ಕೂ ಮೇಜಿಗೆ ಕೂತು ಬೆಳಕು ನಿಂತ ಕ್ಷಣವೇ ಆ ಮಡಕೆ ನಿಂತಿದ್ದ ಸರಿಯಾದ ಓರೆ. ಇದನ್ನು ತಪ್ಪಿದರೆ ತಟ್ಟೆ ಗಡಿಗೆಯಾಗುತ್ತದೆ, ಗಡಿಗೆ ತಟ್ಟೆಯಾಗುತ್ತದೆ. ಆತುರ ಬೇಡ.

ಈಗ ಒಂದರೊಳಗೊಂದು ವೃತ್ತಗಳಿರುವ ಹಾಳೆಯ ಮೇಲೆ ಅದೇ ಓರೆಯಲ್ಲಿ ಅಂಚನ್ನು ಸರಿಸುತ್ತಾ ಹೋಗಿ. ಯಾವ ವೃತ್ತಕ್ಕೆ ಪೂರ್ತಿ ಕೂರುತ್ತದೋ ಅದೇ ಬಾಯಿಯ ತ್ರಿಜ್ಯ. 12 ಸೆಂ.ಮೀ. ಬಂದರೆ ಮಡಕೆಯ ಬಾಯಿ 24 ಸೆಂ.ಮೀ. ಅಗಲ. ವೃತ್ತದಲ್ಲಿ ಶೇಕಡ ಎಷ್ಟು ಭಾಗ ಉಳಿದಿದೆ ಎಂಬುದನ್ನೂ ಬರೆಯಿರಿ. ಶೇ 5ಕ್ಕಿಂತ ಕಡಿಮೆ ಇದ್ದರೆ ಅಳತೆಯನ್ನು ನಂಬಬೇಡಿ.

ಗ್ರಾಫ್ ಹಾಳೆಯಲ್ಲಿ ಬಾಯಿಯ ಅಗಲಕ್ಕೆ ಅಡ್ಡಗೆರೆ ಎಳೆದು, ನಡುವಿನಿಂದ ಕೆಳಕ್ಕೆ ಇನ್ನೊಂದು ಗೆರೆ ಇಳಿಸಿ. ಹಲ್ಲುಗಳಿರುವ ಪ್ರೊಫೈಲ್ ಬಾಚಣಿಗೆಯನ್ನು ಚೂರಿಗೆ ಒತ್ತಿದರೆ ಬಾಗು ಸಿಗುತ್ತದೆ. ದಪ್ಪವನ್ನು ವರ್ನಿಯರ್‌ನಿಂದ ಹಲವು ಕಡೆ ಅಳೆಯಿರಿ. ಎಡಕ್ಕೆ ಸೀಳಿದ ನೋಟ, ಬಲಕ್ಕೆ ಹೊರಮೈ. ಚಿತ್ರ ನಿಜ ಅಳತೆಯಲ್ಲೇ ಇರಲಿ, ಅಚ್ಚಿಗೆ ಹೋಗುವಾಗ ಕಿರಿದು ಮಾಡಿದರಾಯಿತು.

ಕಲ್ಲಿನ ಆಯುಧವಾದರೆ

ಉದ್ದ, ಅಗಲ, ದಪ್ಪ, ತೂಕ, ಕಲ್ಲಿನ ಜಾತಿ ಇಷ್ಟು ಬೇಕೇ ಬೇಕು. ಬೆಳಕು ಎಡಗಡೆ ಮೇಲಿನಿಂದ ಬಿದ್ದಂತೆ ಚಿತ್ರ ಬರೆಯುವುದು ರೂಢಿ, ಚಕ್ಕೆ ಎದ್ದ ಗುರುತುಗಳು ಆಗ ಚೆನ್ನಾಗಿ ಕಾಣುತ್ತವೆ. ಚೆಂದದ ಕೈಗೊಡಲಿಯನ್ನು ಮಾತ್ರ ತಂದು ಚಕ್ಕೆಗಳನ್ನು ಬಿಟ್ಟು ಬರಬೇಡಿ. ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರ ತಂಡ ಅಗೆದಾಗ ಸುಣ್ಣಕಲ್ಲಿನ ಗಟ್ಟಿ, ಬಡಿಯುವ ಕಲ್ಲು, ಚಕ್ಕೆ, ಮುಗಿದ ಆಯುಧ ಎಲ್ಲ ಒಟ್ಟಿಗೆ ಸಿಕ್ಕವು. ಆದಿಮಾನವರು ಆಯುಧ ಮಾಡುತ್ತಿದ್ದ ಜಾಗ ಅದು ಎಂದು ಗೊತ್ತಾದದ್ದು ಹಾಗೆ. ಅಲ್ಲಿನ ಪ್ರಾಣಿ ಹಲ್ಲುಗಳ ಪರೀಕ್ಷೆ ಸುಮಾರು 12 ಲಕ್ಷ ವರ್ಷದ ಕಾಲ ಕೊಟ್ಟಿದೆ.

ದಾಖಲೆ ಪುಸ್ತಕ

ಒಂದು ವಸ್ತುವಿಗೆ ಒಂದು ಸಾಲು. ಕಂಡದ್ದು ಒಂದು ಕಡೆ, ಊಹೆ ಇನ್ನೊಂದು ಕಡೆ. ಹೀಗೆ: 'ಬಾಯಂಚು. ಒಳಗೆ ಕಪ್ಪು, ಹೊರಗೆ ಮೇಲ್ಭಾಗ ಕಪ್ಪು, ಕೆಳಗೆ ಕೆಂಪು. ನುಣುಪು. ಬಾಯಿ 24 ಸೆಂ.ಮೀ., ಉಳಿದದ್ದು ಶೇ 11. ದಪ್ಪ 5 ಮಿ.ಮೀ.' ಇದು ಕಂಡದ್ದು. 'ಬೃಹತ್ ಶಿಲಾಯುಗದ್ದಿರಬಹುದು' ಅನ್ನುವುದು ಪಕ್ಕದ ಟಿಪ್ಪಣಿಗೆ. ನಾಳೆ ಊಹೆ ಬದಲಾದರೂ ಅಳತೆ ಬದಲಾಗುವುದಿಲ್ಲ ಅಲ್ವಾ? ಪುಸ್ತಕದಲ್ಲಿ ಬರೆದದ್ದನ್ನು ಅದೇ ಸಂಜೆ ಕಂಪ್ಯೂಟರ್‌ಗೂ ಹಾಕಿ, ಇನ್ನೊಂದು ಪ್ರತಿ ಬೇರೆ ಕಡೆ ಇಡಿ.

ಅಭ್ಯಾಸಕ್ಕೆ ಹಳೆಯ ಚೂರೇ ಬೇಕೆಂದಿಲ್ಲ. ಬೇಸಿಗೆಯಲ್ಲಿ ಸಂತೆಗೆ ಬರುವ ಒಂದು ಹೊಸ ಗಡಿಗೆ ಕೊಂಡು ತನ್ನಿ. ಬಾಯಿಯ ಅಗಲ, ಎತ್ತರ ಅಳೆದು ಮುಚ್ಚಿಡಿ. ಆಮೇಲೆ ಗಡಿಗೆಯನ್ನು ಒಡೆದು, ಬಾಯಂಚಿನ ಒಂದೊಂದು ಚೂರನ್ನು ಒಬ್ಬೊಬ್ಬ ವಿದ್ಯಾರ್ಥಿಗೆ ಕೊಡಿ. ಎಲ್ಲರ ಚಿತ್ರ ಮುಗಿದ ಮೇಲೆ ಮುಚ್ಚಿಟ್ಟ ಅಳತೆ ತೆಗೆದು ಹೋಲಿಸಿ. ಬಾಯಿಯ ಅಗಲದಲ್ಲಿ 1 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದವರು ಮತ್ತೆ ಚೂರನ್ನು ಬೋರಲು ಇಟ್ಟು, ಬೆಳಕು ನೋಡುವುದರಿಂದ ಶುರು ಮಾಡಲಿ.