ಕಣ್ಣು ಬಲಗಡೆಯಿಂದ ಬರುತ್ತದೆ: ಟೋಕಿಯೊದಲ್ಲಿ ಮಾಂಗಾ ಕಲಿತ ನನ್ನ ಅನುಭವ

ಮೊದಲ ದಿನ ನನಗೆ ಕೊಟ್ಟಿದ್ದು ಅಳಿಸುವ ಕೆಲಸ. ಟೋಕಿಯೊದ ನೆರಿಮಾದಲ್ಲಿ ಒಂದು ಅಪಾರ್ಟ್‌ಮೆಂಟು, ಎರಡು ಕೋಣೆ, ಐದು ಮೇಜು. ಅದೇ ಒಂದು ಮಾಂಗಾ, ಅಂದರೆ ಜಪಾನಿ ಚಿತ್ರಕಥೆಯ ಸ್ಟುಡಿಯೊ. ನಾನು ಅಲ್ಲಿ ಹೊಸ ಸಹಾಯಕಿ. ಸೆನ್ಸೇ, ಅಂದರೆ ಆ ಮಾಂಗಾ ಬರೆಯುವ ಗುರುಗಳು, ಇಂಕಿನಲ್ಲಿ ಮುಗಿಸಿದ ಹಾಳೆಗಳನ್ನು ನನ್ನ ಮುಂದಿಟ್ಟು, ಅಡಿಯಲ್ಲಿರುವ ಪೆನ್ಸಿಲ್ ಗೆರೆಗಳನ್ನು ತೆಗೆಯಲು ಹೇಳಿದರು. ಅದಕ್ಕೂ ಒಂದು ಕ್ರಮವಿದೆ. ಇಂಕು ಪೂರ್ತಿ ಒಣಗಿರಬೇಕು. ಎಡಗೈಯಲ್ಲಿ ಹಾಳೆಯನ್ನು ಒತ್ತಿ ಹಿಡಿದು, ಆ ಕೈಯಿಂದ ಆಚೆಗೆ ಒಂದೇ ದಿಕ್ಕಿಗೆ ರಬ್ಬರ್ ಎಳೆಯಬೇಕು. ಹಿಂದೆ ಮುಂದೆ ಉಜ್ಜಿದರೆ ಹಾಳೆ ಮಡಚಿಕೊಳ್ಳುತ್ತದೆ. ಪುಡಿಯನ್ನು ಬಾಯಿಂದ ಊದುವಂತಿಲ್ಲ, ಗರಿಯ ಬ್ರಷ್ಷಿನಿಂದ ಗುಡಿಸಬೇಕು. ಆ ರಾತ್ರಿ 32 ಹಾಳೆ ಅಳಿಸಿದೆ.

ಅಳಿಸುವಾಗಲೇ ನನ್ನ ಕಣ್ಣಿಗೆ ಒಂದು ಸಂಗತಿ ಬಿತ್ತು. ಸೆನ್ಸೇ ಒಂದು ಮಾತಿನ ಬಲೂನನ್ನು ಮೊದಲು ಚೌಕದ ಎಡಕ್ಕೆ ಬರೆದಿದ್ದರು. ಆಮೇಲೆ ಅದನ್ನು ಬಿಟ್ಟು ಬಲಕ್ಕೆ ತಂದಿದ್ದರು. ಅದರ ಜೊತೆ ಆ ಮಾತಾಡುವ ಹುಡುಗಿಯನ್ನೂ ಬಲಕ್ಕೆ ಸರಿಸಿದ್ದರು. ಇಂಕು ಬಿದ್ದದ್ದು ಎರಡನೆಯದಕ್ಕೆ ಮಾತ್ರ. ಮೊದಲನೆಯದು ಪೆನ್ಸಿಲ್ಲಿನಲ್ಲಿ ಹಾಗೇ ಉಳಿದಿತ್ತು. ನಾಲ್ಕು ತಿಂಗಳ ಹಿಂದೆ ಒಬ್ಬ ಸಂಪಾದಕರು ನನಗೆ ಹೇಳಿದ ಮಾತು ಅರ್ಥವಾಗಿದ್ದು ಆಗ.

ಆ ಕಥೆ ಹೇಳಬೇಕು. ನಾನು ದಾವಣಗೆರೆಯವಳು. ಬೆಂಗಳೂರಿನಲ್ಲಿ ಎರಡು ವರ್ಷ ಸಂಜೆ ಹೊತ್ತು ಜಪಾನಿ ಕಲಿತೆ. ಟೋಕಿಯೊದಲ್ಲಿ ಒಂದು ವರ್ಷ ಭಾಷಾ ಶಾಲೆ, ಆಮೇಲೆ ಎರಡು ವರ್ಷದ ಮಾಂಗಾ ಕೋರ್ಸು. ಕೋರ್ಸಿನ ಮೊದಲ ಬೇಸಿಗೆಯಲ್ಲೇ 31 ಪುಟದ ಒಂದು ಕಥೆ ಮುಗಿಸಿ 'ಮೋಚಿಕೋಮಿ'ಗೆ ಹೋದೆ. ಅಂದರೆ ಕೈಯಾರೆ ಹಸ್ತಪ್ರತಿ ಹೊತ್ತುಕೊಂಡು ಪತ್ರಿಕೆಯ ಸಂಪಾದಕರ ಮುಂದೆ ಕೂರುವುದು. ಹೆಸರಿಲ್ಲದ ಹೊಸಬರಿಗೂ ಅಲ್ಲಿ ಈ ಬಾಗಿಲು ತೆರೆದಿರುತ್ತದೆ. ಫೋನ್ ಮಾಡಿ ಸಮಯ ಕೇಳಿದರೆ ಸಾಕು. ಇದು ನನಗೆ ಈಗಲೂ ದೊಡ್ಡ ವಿಷಯ.

ಸಂಪಾದಕರು ಪುಟ ತಿರುಗಿಸಿದ ವೇಗ ನೋಡಿ ನನ್ನ ಎದೆ ಹೊಡೆದುಕೊಳ್ಳತೊಡಗಿತು. ಆರು ತಿಂಗಳ ಕೆಲಸ, ಐದು ನಿಮಿಷ ಕೂಡ ಆಗಲಿಲ್ಲ. ಆದರೆ ಎಂಟನೇ ಪುಟದಲ್ಲಿ ಅವರು ನಿಂತರು. ಹಿಂದಕ್ಕೆ ಹೋದರು, ಮತ್ತೆ ಮುಂದಕ್ಕೆ ಬಂದರು. ಕೊನೆಗೆ ಹೇಳಿದ್ದು ಇಷ್ಟು: "ಚಿತ್ರ ಚೆನ್ನಾಗಿದೆ. ಆದರೆ ಇಲ್ಲಿ ಪ್ರಶ್ನೆಗಿಂತ ಮೊದಲು ಉತ್ತರ ಬರುತ್ತಿದೆ."

ನನಗೆ ಅರ್ಥವಾಗಲಿಲ್ಲ. ಮನೆಗೆ ಬಂದು ಹತ್ತು ಸಲ ನೋಡಿದರೂ ತಪ್ಪು ಕಾಣಲಿಲ್ಲ. ಕಾಣುವುದಾದರೂ ಹೇಗೆ? ಎಡದಿಂದ ಬಲಕ್ಕೆ ಓದಿಯೇ ಬೆಳೆದ ಕಣ್ಣು ನನ್ನದು. ಜಪಾನಿ ಮಾಂಗಾ ಬಲದಿಂದ ಎಡಕ್ಕೆ ಅಂತ ನನಗೆ ಗೊತ್ತಿತ್ತು. ಚೌಕಗಳನ್ನೂ ಹಾಗೇ ಜೋಡಿಸಿದ್ದೆ. ಆದರೆ ಒಂದೊಂದು ಚೌಕದ ಒಳಗೆ ಮಾತ್ರ ಕೈ ಹಳೆಯ ದಾರಿಯಲ್ಲೇ ಹೋಗಿತ್ತು. ಕೇಳುವ ಹುಡುಗನನ್ನು ಎಡಕ್ಕೆ ನಿಲ್ಲಿಸಿದ್ದೆ, ಉತ್ತರಿಸುವ ಅಜ್ಜಿಯನ್ನು ಬಲಕ್ಕೆ. ಜಪಾನಿ ಓದುಗರ ಕಣ್ಣು ಬಲಗಡೆಯ ಮೇಲಿನ ಮೂಲೆಯಿಂದ ಒಳಗೆ ಬರುತ್ತದೆ. ಅದಕ್ಕೆ ಮೊದಲು ಸಿಕ್ಕಿದ್ದು ಅಜ್ಜಿಯ ಉತ್ತರ.

ಸೆನ್ಸೇಯ ಹಾಳೆಯಲ್ಲಿ ಆ ಬಲೂನು ಜಾಗ ಬದಲಿಸಿದ್ದನ್ನು ನೋಡಿದ ಮೇಲೆ ನಾನು ಹೊಸ ಕಥೆ ಬರೆಯುವುದನ್ನೇ ನಿಲ್ಲಿಸಿದೆ. ಬದಲಿಗೆ ಅಚ್ಚಾದ ಮಾಂಗಾ ಪುಸ್ತಕಗಳನ್ನು ತಗೊಂಡು, ಒಂದೊಂದು ಪುಟವನ್ನೂ 'ನೇಮು' ಆಗಿ ವಾಪಸ್ ಬರೆಯತೊಡಗಿದೆ. ನೇಮು ಅಂದರೆ ಕಚ್ಚಾ ಪ್ರತಿ. ಚೌಕ ಎಲ್ಲೆಲ್ಲಿ, ಯಾರು ಎಲ್ಲಿ ನಿಂತಿದ್ದಾರೆ, ಯಾವ ಮಾತು ಎಲ್ಲಿ, ಇಷ್ಟೇ. ಮುಖಕ್ಕೆ ಒಂದು ಸೊನ್ನೆ, ಕಣ್ಣಿಗೆ ಒಂದು ಕೂಡುವ ಗುರುತು. ಬರೆದಾದ ಮೇಲೆ ಕೆಂಪು ಪೆನ್ಸಿಲ್ಲಿನಲ್ಲಿ ಕಣ್ಣಿನ ದಾರಿ ಎಳೆಯುತ್ತಿದ್ದೆ. ಬಲೂನು, ಮುಖ, ಕೈ, ಮುಂದಿನ ಬಲೂನು. ಒಳ್ಳೆಯ ಪುಟದಲ್ಲಿ ಆ ಕೆಂಪು ಗೆರೆ ನೀರು ಹರಿದ ಹಾಗೆ ಬಲದ ಮೇಲಿನಿಂದ ಎಡದ ಕೆಳಗೆ ಇಳಿಯುತ್ತದೆ. ನನ್ನ ಹಳೆಯ ಎಂಟನೇ ಪುಟಕ್ಕೆ ಅದೇ ಗೆರೆ ಎಳೆದರೆ ಗಂಟು ಬಿತ್ತು.

ಪುಟ ತಿರುಗಿಸುವುದಕ್ಕೂ ಒಂದು ಲೆಕ್ಕವಿದೆ. ಅದಕ್ಕೆ 'ಮೆಕುರಿ' ಅನ್ನುತ್ತಾರೆ. ಬಲಕ್ಕೆ ಬೈಂಡ್ ಆದ ಪುಸ್ತಕದಲ್ಲಿ ಬೆಸ ಪುಟ ಎಡಗಡೆ ಬರುತ್ತದೆ, ಅದು ಮುಗಿದರೆ ಹಾಳೆ ತಿರುಗಿಸಬೇಕು. ಆದ್ದರಿಂದ ಅದರ ಕೊನೆಯ ಚೌಕದಲ್ಲಿ ಓದುಗರನ್ನು ಎಳೆಯುವಂಥದ್ದು ಏನಾದರೂ ಇರಬೇಕು. ಬಾಗಿಲ ಕಡೆ ತಿರುಗಿದ ತಲೆ, ಅರ್ಧಕ್ಕೆ ನಿಂತ ಮಾತು, ಹೀಗೆ. ಬಾಗಿಲಲ್ಲಿ ಯಾರಿದ್ದಾರೆ ಅನ್ನುವುದು ಮುಂದಿನ ಸಮ ಪುಟದ ಮೊದಲ ಚೌಕಕ್ಕೆ. ಕಥೆಗೆ ಒಂದು ಪುಟ ಸೇರಿಸಿದರೆ ಅಲ್ಲಿಂದ ಮುಂದಿನ ಎಲ್ಲ ಮೆಕುರಿಯೂ ಕೆಡುತ್ತದೆ. ಮನೆ ಕಟ್ಟಿದ ಮೇಲೆ ಮೆಟ್ಟಿಲು ಸರಿಸಿದ ಹಾಗೆ.

ಸ್ಟುಡಿಯೊದಲ್ಲಿ ಕೆಲಸ ನಿಧಾನವಾಗಿ ಏರಿತು. ಅಳಿಸುವುದಾದ ಮೇಲೆ 'ಬೆತಾ', ಅಂದರೆ ಪೆನ್ಸಿಲ್ಲಿನಲ್ಲಿ ಕತ್ತರಿ ಗುರುತು (×) ಹಾಕಿದ ಜಾಗಕ್ಕೆ ಕಪ್ಪು ತುಂಬುವುದು. ಆಮೇಲೆ ಟೋನ್. ಚುಕ್ಕೆ ಇರುವ ಅಂಟು ಹಾಳೆಯನ್ನು ಕೆಳಗಿನ ಕಾಗದಕ್ಕೆ ಗೀರು ಬೀಳದಂತೆ ಬ್ಲೇಡಿನಲ್ಲಿ ಕತ್ತರಿಸಿ ಉಜ್ಜುವುದು. ಎಲ್ಲಿ ಯಾವುದು ಅಂತ ಸೆನ್ಸೇ ತಿಳಿನೀಲಿ ಪೆನ್ಸಿಲ್ಲಿನಲ್ಲಿ ನಂಬರ್ ಬರೆದಿರುತ್ತಾರೆ. ಆ ನೀಲಿ ಅಚ್ಚಿನಲ್ಲಿ ಬರುವುದಿಲ್ಲ. 61 ಅಂದರೆ ತೆಳು ಬೂದು. ನೆರಳಿಗೆ ಎಲ್ಲರೂ ಮೊದಲು ಕೈ ಹಾಕುವುದು ಅದಕ್ಕೇ. ಈಗ ಬಹುಪಾಲು ಸ್ಟುಡಿಯೊಗಳು ಕ್ಲಿಪ್ ಸ್ಟುಡಿಯೊದಂಥ ಸಾಫ್ಟ್‌ವೇರಿಗೆ ಹೋಗಿವೆ. ನಮ್ಮ ಸೆನ್ಸೇ ಮಾತ್ರ ಬಿ4 ಹಾಳೆ, ಇಂಕಿನಲ್ಲಿ ಅದ್ದಿ ಬರೆಯುವ ಜಿ-ಪೆನ್ ಬಿಡಲಿಲ್ಲ. ನನಗೆ ಅದೇ ಒಳ್ಳೆಯದಾಯಿತು. ಸಾಫ್ಟ್‌ವೇರಿನಲ್ಲಿ ಅಳಿಸಿದ್ದು ಕುರುಹಿಲ್ಲದೆ ಹೋಗುತ್ತದೆ, ಅಲ್ವಾ? ಅಲ್ಲಿದ್ದಿದ್ದರೆ ಆ ಬಲೂನು ನನಗೆ ಕಾಣುತ್ತಲೇ ಇರಲಿಲ್ಲ.

ಗಡುವಿನ ಹಿಂದಿನ ದಿನಗಳಿಗೆ ಅಲ್ಲಿ 'ಶುರಾಬಾ' ಅನ್ನುತ್ತಾರೆ. ಆ 'ಶುರಾ' ನಮ್ಮ ಅಸುರನೇ. ಬೌದ್ಧ ಧರ್ಮದ ಜೊತೆ ಅಲ್ಲಿಗೆ ಹೋದ ಪದ. ಇಂದ್ರನಿಗೂ ಅಸುರರಿಗೂ ಯುದ್ಧ ನಡೆದ ಜಾಗ ಅಂತ ಅರ್ಥ. ಆ ದಿನಗಳಲ್ಲಿ ಯಾರೂ ಜಾಸ್ತಿ ಮಾತಾಡುತ್ತಿರಲಿಲ್ಲ. ನಾನು ವಿದ್ಯಾರ್ಥಿ ವೀಸಾದಲ್ಲಿದ್ದೆ, ವಾರಕ್ಕೆ 28 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಕೊನೆಯ ರಾತ್ರಿ ಉಳಿದವರನ್ನು ಬಿಟ್ಟು ರೈಲಿಗೆ ಹೊರಡುವುದು ನನಗೆ ತುಂಬ ಕಷ್ಟವಾಗುತ್ತಿತ್ತು.

ದುಡ್ಡಿನ ವಿಷಯ ಹೊಸಬರು ತಿಳಿದಿರಬೇಕು. ಪತ್ರಿಕೆ ಪುಟಕ್ಕೆ ಇಷ್ಟು ಅಂತ ಕೊಡುತ್ತದೆ. ನಮ್ಮ ಸ್ಟುಡಿಯೊದಲ್ಲಿ ಸಹಾಯಕರ ಸಂಬಳ, ಬಾಡಿಗೆ, ಇಂಕು ಎಲ್ಲ ಸೆನ್ಸೇ ಕೈಯಿಂದಲೇ ಹೋಗುತ್ತಿತ್ತು. ಕಥೆ ಪುಸ್ತಕವಾದ ಮೇಲೆ ಸಿಗುವ ರಾಯಲ್ಟಿಯಲ್ಲೇ ಉಸಿರಾಡಬೇಕು. ಅದು ಸಾಮಾನ್ಯವಾಗಿ ಮುಖಬೆಲೆಯ 10%ದಷ್ಟು. ಧಾರಾವಾಹಿ ಬೇಗ ನಿಂತರೆ ಪುಸ್ತಕಗಳೂ ಕಡಿಮೆ. ಇದನ್ನು ಕಣ್ಣಾರೆ ನೋಡಿದ್ದರಿಂದ ಕೋರ್ಸ್ ಮುಗಿದ ಮೇಲೆ ನಾನು ಒಂದು ಗೇಮ್ ಕಂಪನಿಯಲ್ಲಿ ಹಿನ್ನೆಲೆ ಚಿತ್ರ ಬಿಡಿಸುವ ಕೆಲಸಕ್ಕೆ ಸೇರಿದೆ. ಮಾಂಗಾ ರಾತ್ರಿಗೆ ಉಳಿಯಿತು.

ಮನಸ್ಸು ಕುಗ್ಗಿದಾಗ ಸೆಯ್‌ಬು ಇಕೆಬುಕುರೊ ಮಾರ್ಗದ ರೈಲಿನಲ್ಲಿ ಶೀನಾಮಾಚಿ ನಿಲ್ದಾಣಕ್ಕೆ ಹೋಗುತ್ತಿದ್ದೆ. ಅಲ್ಲಿಂದ ನಡೆದರೆ ತೊಕಿವಾ-ಸೋ ಇದ್ದ ಬೀದಿ. ಹೆಸರಾಂತ ಮಾಂಗಾಕಾರ ತೆಜುಕಾ ಒಸಾಮು 1953ರಲ್ಲಿ ಆ ಮರದ ವಠಾರಕ್ಕೆ ಬಂದರು. ಮರುವರ್ಷ ಅವರು ಬಿಟ್ಟ ಕೋಣೆಗೆ ಬಂದವರು ಫುಜಿಕೊ ಫುಜಿಯೊ ಅನ್ನುವ ಒಂದೇ ಹೆಸರಿನಲ್ಲಿ ಬರೆಯುತ್ತಿದ್ದ ಇಬ್ಬರು ಗೆಳೆಯರು. ಡೋರೇಮಾನ್ ಅವರಲ್ಲಿ ಒಬ್ಬರ ಸೃಷ್ಟಿ. 1958ರಲ್ಲಿ ಮಿಜುನೊ ಹಿದೆಕೊ ಕೆಲವು ತಿಂಗಳು ಅಲ್ಲಿದ್ದರು, ಅಲ್ಲಿದ್ದ ಮಾಂಗಾಕಾರರಲ್ಲಿ ಅವರೊಬ್ಬರೇ ಹೆಣ್ಣು. ನನಗೆ ಅವರ ಮೇಲೆ ವಿಶೇಷ ಅಭಿಮಾನ. ಕಟ್ಟಡವನ್ನು 1982ರಲ್ಲಿ ಕೆಡವಿದರು. 2020ರಲ್ಲಿ ಹತ್ತಿರದ ಪಾರ್ಕಿನಲ್ಲಿ ಹಾಗೇ ಮರಳಿ ಕಟ್ಟಿ ಮ್ಯೂಸಿಯಂ ಮಾಡಿದ್ದಾರೆ. ನಾಲ್ಕೂವರೆ ತತಾಮಿ ಚಾಪೆಯ ಕೋಣೆಗಳು. ಒಂದು ಮೇಜು ಹಾಕಿದರೆ ಮಲಗಲು ಜಾಗ ಹುಡುಕಬೇಕು.

ಎರಡನೇ ಮೋಚಿಕೋಮಿಗೆ ಬೇರೆ ಪತ್ರಿಕೆಗೆ ಹೋದೆ. ಈ ಸಲ ಸಂಪಾದಕರು ತಮ್ಮ ವಿಸಿಟಿಂಗ್ ಕಾರ್ಡ್ ಕೊಟ್ಟರು. ಕಾರ್ಡ್ ಕೊಟ್ಟರೆ ಅವರು ನಿಮ್ಮ 'ತಂತೋ' ಅಂತ, ನಿಮ್ಮ ಕಥೆಯನ್ನು ನೋಡಿಕೊಳ್ಳುವ ಸಂಪಾದಕರು. ಅಲ್ಲಿಂದ ನೇಮುಗಳ ಕಾಲ. ಕಳಿಸಿದೆ, 'ಬೊತ್ಸು' ಅಂದರು. ಬೊತ್ಸು ಅಂದರೆ ನಡೆಯಲ್ಲ. ಮತ್ತೆ ಕಳಿಸಿದೆ, ಮತ್ತೆ ಬೊತ್ಸು. ಏಳನೆಯದು ದಾಟಿತು. ಆ ಒಂದೂವರೆ ವರ್ಷದಲ್ಲಿ ಇಂಕಿನ ಬಾಟಲಿ ತೆರೆದಿದ್ದು ಅಭ್ಯಾಸಕ್ಕೆ ಮಾತ್ರ. ನನಗೆ ಸುಲಭವಾಗಿದ್ದು ಒಂದೇ, ಸದ್ದಿನ ಪದಗಳು. ಮಳೆಗೆ 'ಜಾ ಜಾ', ಸಣ್ಣ ಮಳೆಗೆ 'ಶಿತೊ ಶಿತೊ'. ಜಿಟಿಜಿಟಿ, ಧೋ ಅಂತ ಕೇಳಿ ಬೆಳೆದವರಿಗೆ ಇದೇನು ಹೊಸದಲ್ಲ. ಸದ್ದೇ ಇಲ್ಲದ್ದಕ್ಕೂ ಅವರಲ್ಲಿ ಒಂದು ಸದ್ದಿದೆ: 'ಶೀನ್'. ಅಜ್ಜಿ ಉತ್ತರ ಕೊಡದ ಚೌಕದಲ್ಲಿ ನಾನು ಅದನ್ನೇ ಬರೆದೆ.

ಅದೇ ಹುಡುಗ, ಅದೇ ಅಜ್ಜಿ, 32 ಪುಟದ ಒಂದೇ ಕಂತಿನ ಕಥೆಯಾಗಿ ಅಚ್ಚಾಯಿತು. ಎರಡು ಪ್ರತಿ ಊರಿಗೆ ಕಳಿಸಿದೆ. ಅಮ್ಮ ವಿಡಿಯೊ ಕಾಲ್ ಮಾಡಿದರು.

"ಏನೇ, ಪುಸ್ತಕ ಉಲ್ಟಾ ಬೈಂಡ್ ಮಾಡ್ಯಾರಲ್ಲೇ?"

"ಇಲ್ಲಮ್ಮ, ಬಲಗಡೆಯಿಂದ ಶುರು ಮಾಡು."

ಅಮ್ಮನಿಗೆ ಜಪಾನಿ ಒಂದಕ್ಷರ ಬರುವುದಿಲ್ಲ. ಫೋನನ್ನು ಡಬ್ಬಿಗೆ ಒರಗಿಸಿಟ್ಟು, ಚೌಕದ ಮೇಲೆ ಬೆರಳಿಟ್ಟುಕೊಂಡು ಹೋದರು. ನಾನು ಬೆರಳನ್ನೇ ನೋಡುತ್ತಿದ್ದೆ. ಎಂಟನೇ ಪುಟ ಬಂತು. ಬೆರಳು ಹುಡುಗನ ಬಲೂನಿನ ಮೇಲೆ ನಿಂತಿತು, ಅಜ್ಜಿಯ ಮುಖಕ್ಕೆ ಬಂತು, ಕೆಳಗೆ ಮಾತಿಲ್ಲದ ಚೌಕಕ್ಕೆ ಇಳಿಯಿತು.

"ಇವನು ಏನೋ ಕೇಳಿದ. ಮುದುಕಿ ಯಾಕೆ ಬಾಯೇ ಬಿಡವಲ್ಲಳು?" ಅಂದರು ಅಮ್ಮ, ಮುಂದಿನ ಪುಟಕ್ಕೆ ಹೋಗುತ್ತಾ.